ಐದನೇ ನಿಮಿಷದ ತೀರ್ಪು: ಇಡೀ ಆಲ್ಬಂ ಒಂದು ವಾದವಾದಾಗ ನಾವು ಕೇಳೋದು ಹೇಗೆ?

ಯಾವುದೇ ದೊಡ್ಡ ಬ್ಯಾಂಡಿನ ಹೊಸ ಆಲ್ಬಂ ಬಂದ ರಾತ್ರಿ ಏನಾಗುತ್ತೆ ಅಂತ ಗಮನಿಸಿ. ಆಲ್ಬಂ ಇರೋದು ಒಂದು ಗಂಟೆ ಚಿಲ್ಲರೆ. ಐದನೇ ನಿಮಿಷಕ್ಕೆ ಒಬ್ಬ ‘ಮಾಸ್ಟರ್‌ಪೀಸ್’ ಅಂತ ಬರೆದಿರ್ತಾನೆ. ಆರನೇ ನಿಮಿಷಕ್ಕೆ ಇನ್ನೊಬ್ಬ ‘ಹಳೇ ದಮ್ ಇಲ್ಲ ಗುರು’ ಅಂತಾನೆ. ಹತ್ತು ನಿಮಿಷ ಕಳೆಯೋದ್ರೊಳಗೆ ರೀಲ್ಸ್‌ಗೆ ಹೊಂದುವ ಹದಿನೈದು ಸೆಕೆಂಡ್ ಯಾವುದು ಅನ್ನೋದೂ ತೀರ್ಮಾನವಾಗಿರುತ್ತೆ. ಬಿಡಿ ಹಾಡುಗಳ ಆಲ್ಬಂ ಆಗಿದ್ರೆ ಇದರಿಂದ ದೊಡ್ಡ ನಷ್ಟವೇನಿಲ್ಲ, ಒಂದು ಹಾಡು ಹಿಡಿಸ್ತು, ಒಂದು ಹಿಡಿಸಲಿಲ್ಲ, ಅಷ್ಟೆ. ಆದ್ರೆ ಕಾನ್ಸೆಪ್ಟ್ ಆಲ್ಬಂ ವಿಷಯದಲ್ಲಿ ಈ ಅವಸರದ ತೀರ್ಪು ಬೇರೇನೋ ಮಾಡುತ್ತೆ. ಅದು ಒಂದು ವಾದದ ಮೊದಲ ವಾಕ್ಯ ಕೇಳಿ ಎದ್ದು ಹೋಗೋ ಥರ.

ಕಾನ್ಸೆಪ್ಟ್ ಆಲ್ಬಂ ಅಂದ್ರೆ ಎಲ್ಲ ಹಾಡುಗಳೂ ಸೇರಿ ಒಂದೇ ಕಥೆಯನ್ನೋ, ಒಂದೇ ವಿಚಾರವನ್ನೋ ಕಟ್ಟುವ ಆಲ್ಬಂ. ಹಾಡುಗಳ ಕ್ರಮವೂ ಅರ್ಥದ ಭಾಗ. ಇದು ರಾಕ್ ಬ್ಯಾಂಡ್‌ಗಳ ಶೋಕಿ ಅಂತ ಅಂದುಕೊಂಡವರು 1940ಕ್ಕೆ ಹೋಗಬೇಕು. ಅಮೆರಿಕದ ವುಡಿ ಗಥ್ರಿ ಆ ವರ್ಷ ‘ಡಸ್ಟ್ ಬೌಲ್ ಬ್ಯಾಲಡ್ಸ್’ ತಂದ. ಬರ, ಧೂಳಿನ ಬಿರುಗಾಳಿ, ಬ್ಯಾಂಕಿನ ಸಾಲ, ಹೊಲ ಬಿಟ್ಟು ಕ್ಯಾಲಿಫೋರ್ನಿಯಾಗೆ ಗುಳೆ ಹೋದ ರೈತರು, ಇಡೀ ಆಲ್ಬಂ ಅದೇ. ಮೊದಲ ಕಾನ್ಸೆಪ್ಟ್ ಆಲ್ಬಂ ಅಂತ ತುಂಬ ಜನ ಕರೆಯೋದು ಇದನ್ನೇ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ಇದರ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

ರಾಕ್‌ನಲ್ಲಿ ಈ ಜಾತಿಯ ದೊಡ್ಡ ಹೆಸರು ಪಿಂಕ್ ಫ್ಲಾಯ್ಡ್‌ನ ‘ದ ವಾಲ್’, ಬಂದದ್ದು 1979ರ ನವೆಂಬರ್ 30ಕ್ಕೆ. ಪಿಂಕ್ ಅನ್ನೋ ಹುಡುಗ, ಯುದ್ಧದಲ್ಲಿ ಸತ್ತ ಅಪ್ಪ, ಸೆರಗಿನಲ್ಲೇ ಕಟ್ಟಿಡುವ ಅಮ್ಮ, ಅವಮಾನ ಮಾಡುವ ಮೇಷ್ಟ್ರು. ಒಂದೊಂದು ಗಾಯಕ್ಕೂ ಒಂದೊಂದು ಇಟ್ಟಿಗೆ ಇಟ್ಟು ಅವನು ತನ್ನ ಸುತ್ತ ಗೋಡೆ ಕಟ್ಟಿಕೊಳ್ತಾನೆ. ಎಲ್ಲರಿಗೂ ಗೊತ್ತಿರೋದು ಶಾಲೆಯ ಹಾಡು, ‘ಅನದರ್ ಬ್ರಿಕ್ ಇನ್ ದ ವಾಲ್’ನ ಎರಡನೇ ಭಾಗ. ಅದೊಂದನ್ನೇ ಕೇಳಿದ್ರೆ ಮೇಷ್ಟ್ರ ವಿರುದ್ಧ ಮಕ್ಕಳ ದಂಗೆ. ನಮ್ಮ ಕಡೆಯ ಯಾವ ಹುಡುಗನಿಗಾದ್ರೂ ಖುಷಿ ಕೊಡೋ ಹಾಡು. ಪೂರ್ತಿ ಆಲ್ಬಂ ಕೇಳಿದ್ರೆ ಕಥೆ ಅಲ್ಲಿಗೆ ನಿಲ್ಲೋದಿಲ್ಲ. ಅದೇ ಗಾಯಗೊಂಡ ಹುಡುಗ ದೊಡ್ಡ ಸ್ಟಾರ್ ಆಗಿ, ವೇದಿಕೆ ಮೇಲೆ ಫ್ಯಾಸಿಸ್ಟ್ ನಾಯಕನ ವೇಷದಲ್ಲಿ ನಿಂತು, ಜನರ ಗುಂಪಿನಿಂದ ‘ಬೇರೆಯವರನ್ನು’ ಹೆಕ್ಕಿ ತೆಗೆಯೋಕೆ ಶುರು ಮಾಡ್ತಾನೆ. ಅನ್ಯಾಯ ಅನುಭವಿಸಿದವನು ಅನ್ಯಾಯ ಮಾಡಲ್ಲ ಅನ್ನೋ ನಮ್ಮ ನಂಬಿಕೆಗೆ ಅಲ್ಲಿ ಏಟು ಬೀಳುತ್ತೆ. ಹಿಟ್ ಹಾಡು ಕೇಳುಗನನ್ನು ಹೀರೋ ಮಾಡಿದ್ರೆ, ಆಲ್ಬಂ ಅವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತೆ.

ಹಾಗಂತ ಬಿಡಿ ಹಾಡು ಕೇಳಿದವರೆಲ್ಲ ದಡ್ಡರು ಅಂತ ನಾನು ಹೇಳೋದಿಲ್ಲ. 1980ರಲ್ಲಿ ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳು ವರ್ಣಭೇದದ ಶಿಕ್ಷಣ ವ್ಯವಸ್ಥೆಯ ವಿರುದ್ಧ ತರಗತಿ ಬಹಿಷ್ಕರಿಸಿದಾಗ ಇದೇ ಹಾಡನ್ನು ಬೀದಿಯಲ್ಲಿ ಹಾಡಿದ್ರು. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಹಾಡನ್ನು ನಿಷೇಧಿಸಿತು. ಆ ಮಕ್ಕಳಿಗೆ ಪಿಂಕ್‌ನ ಕಥೆ ಬೇಕಿರಲಿಲ್ಲ. ಅವರದ್ದೇ ಕಥೆ ಇತ್ತು, ಅದಕ್ಕೆ ಒಂದು ಹಾಡು ಬೇಕಿತ್ತು. ಹಾಗಾಗಿ ಪ್ರಶ್ನೆ ‘ಪೂರ್ತಿ ಕೇಳಿದ್ಯಾ ಇಲ್ವಾ’ ಅನ್ನೋದಲ್ಲ. ತುಂಡನ್ನು ಕಿತ್ತವರು ಯಾರು, ಕಿತ್ತು ಎಲ್ಲಿ ಇಟ್ರು ಅನ್ನೋದು.

ಇದನ್ನು ನಮ್ಮ ನೆಲದಲ್ಲೇ ಪರೀಕ್ಷೆ ಮಾಡೋಣ ಅಂತ ನಾವು ನಾಲ್ಕು ಜನ ಇತ್ತೀಚೆಗೆ ಹೊಸದುರ್ಗದಲ್ಲಿ ಒಂದು ಭಾನುವಾರ ಕೂತ್ವಿ. ಆರಿಸಿಕೊಂಡಿದ್ದು ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡಿನ ‘3 ವೀಲ್ಸ್ 9 ಲೈವ್ಸ್’. ಬ್ಯಾಂಡ್ ಶುರುವಾದದ್ದು 1996ರಲ್ಲಿ. ಆ ವಿಚಿತ್ರ ಹೆಸರು ಯಾಕೆ ಅಂದ್ರೆ, ಮೊದಲಿನ ತಂಡದಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಭಾಗ ಮಲಯಾಳಿ! 2012ರ ಈ ಆಲ್ಬಂ ಬೆಂಗಳೂರನ್ನು ಆಟೋರಿಕ್ಷಾದ ಮೂಲಕ ನೋಡುತ್ತೆ. ಮೂರು ಚಕ್ರಕ್ಕೆ ಮೂರು ಡಿಸ್ಕ್. ಬಂದು ವರ್ಷಗಳೇ ಆದ್ರೂ ನಮ್ಮ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ. ಊರಿನ ಹೆಸರು ಹೊತ್ತ ರೈಲ್ವೆ ಸ್ಟೇಷನ್ನೇ ಊರಿಂದ ದೂರ ಇರೋ ತಾಲೂಕು ನಮ್ಮದು, ಇಂಗ್ಲಿಷ್ ರಾಕ್ ತಡವಾಗಿ ಬಂದ್ರೆ ಬೇಜಾರೇನಿಲ್ಲ.

ಮೊದಲ ಕೇಳ್ವಿಯಲ್ಲಿ ಏನೇನು ಬಂತು ಅಂತ ಹೇಳ್ತೀನಿ, ಯಾಕಂದ್ರೆ ಅಲ್ಲೇ ವಿಷಯ ಇರೋದು. ಮದುವೆ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುವ ಗೆಳೆಯ ಎರಡು ಹಾಡು ಮುಗಿಯೋ ಹೊತ್ತಿಗೆ ‘ತಾಳ ಎಲ್ಲಿ ಬೀಳುತ್ತೆ ಗೊತ್ತಾಗ್ತಿಲ್ಲ ಕಣ್ಲೇ, ಆದ್ರೆ ಬೀಳ್ತಾ ಇದೆ’ ಅಂತ ತಲೆ ಅಲ್ಲಾಡಿಸಿದ. ರಾಕ್ ಜೊತೆ ಜಾಝ್, ಫಂಕ್ ಬೆರೆಸುವ ಬ್ಯಾಂಡಿಗೆ ಇದಕ್ಕಿಂತ ನೇರವಾದ ವಿಮರ್ಶೆ ನಾನು ಓದಿಲ್ಲ. ಡಿಗ್ರಿ ಓದ್ತಿರೋ ನನ್ನ ತಂಗಿಗೆ ಸಂಗೀತ ಹಿಡಿಸ್ತು, ಸಾಹಿತ್ಯ ಹತ್ತಿರ ಬರಲಿಲ್ಲ. ‘ಅಣ್ಣ, ಆಟೋ ಬಗ್ಗೆ ಹಾಡು ಅಂದೆ. ಆಟೋದಲ್ಲಿ ಕೂತೋರು ಹಾಡ್ತಿದಾರೋ, ಓಡಿಸೋರು ಹಾಡ್ತಿದಾರೋ?’ ಅಂತ ಕೇಳಿದ್ಲು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕನೆಯವನು ನಾಲ್ಕು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಆಟೋ ಓಡಿಸಿ ಊರಿಗೆ ವಾಪಸ್ ಬಂದವನು. ಈ ಆಲ್ಬಂನಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಅನ್ನೋ ಹಾಡಿದೆ. ಹೆಸರು ಕೇಳಿದ ತಕ್ಷಣ ಜೋರಾಗಿ ನಕ್ಕ. ಹಾಡು ಮುಗಿದ ಮೇಲೆ ಅವನು ಹೇಳಿದ್ದು ಹೀಗೆ: ‘ಈ ಮಾತು ಪ್ಯಾಸೆಂಜರ್‌ಗೆ ಜೋಕು. ಓನರ್‌ಗೆ ದಿನದ ಬಾಡಿಗೆ ಕಟ್ಟಿ, ಗ್ಯಾಸ್ ಹಾಕಿಸಿ, ರಾತ್ರಿ ಖಾಲಿ ಗಾಡಿ ವಾಪಸ್ ತರೋನಿಗೆ ಅದು ಲೆಕ್ಕ.’

ಮೂರು ಜನ, ಮೂರು ಮೊದಲ ಅನಿಸಿಕೆ. ಮೂರರಲ್ಲೂ ಆಲ್ಬಂನ ಬಗ್ಗೆ ಎಷ್ಟು ಹೇಳಿದ್ರೋ ತಮ್ಮ ಬಗ್ಗೆ ಅಷ್ಟೇ ಹೇಳಿಕೊಂಡಿದ್ರು. ಫ್ಯಾನ್‌ಗಳ ಮೊದಲ ಪ್ರತಿಕ್ರಿಯೆಯನ್ನು ನಾನು ಕೀಳಾಗಿ ನೋಡದಿರೋದು ಇದಕ್ಕೇ. ಕೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದನ್ನು ಅದು ಯಾವ ಮುಚ್ಚುಮರೆ ಇಲ್ಲದೆ ತೋರಿಸುತ್ತೆ. ಬೆಂಗಳೂರಿನ ಮಧ್ಯಮ ವರ್ಗದವರಿಗೆ ಆಟೋ ನಗರದ ರೂಪಕ. ಕನ್ನಡ ಸಿನಿಮಾಕ್ಕೆ 1980ರ ‘ಆಟೋ ರಾಜ’ದಿಂದ ಡ್ರೈವರ್ರೇ ಹೀರೋ, ಶಂಕರ್ ನಾಗ್ ಫೋಟೋ ಇವತ್ತಿಗೂ ಆಟೋಗಳ ಹಿಂದೆ ಇದೆ. ನನ್ನ ಗೆಳೆಯನಿಗೆ ಅದು ರೂಪಕವೂ ಅಲ್ಲ, ಹೀರೋಗಿರಿಯೂ ಅಲ್ಲ, ತೀರದ ಕಂತು. ಆಲ್ಬಂ ಇಂಗ್ಲಿಷಿನಲ್ಲಿ ಇರೋದು ತಪ್ಪು ಅಂತ ನನಗೆ ಅನಿಸೋದಿಲ್ಲ, ಆ ಊರಿನಲ್ಲಿ ಹಾಗೆ ಮಾತಾಡುವ ಜನ ಇದ್ದಾರೆ, ಅವರ ಊರೂ ಹೌದು. ಆದ್ರೆ ಒಂದು ನಗರದ ಬಗ್ಗೆ ಮೂರು ಡಿಸ್ಕ್ ಕಟ್ಟಿದಾಗ ಅದನ್ನು ಕೇಳುವವರು ಯಾರು ಅನ್ನೋ ಪ್ರಶ್ನೆ ಮೊದಲ ಕೇಳ್ವಿಯಲ್ಲೇ ಏಳುತ್ತೆ. ಎದ್ದಿದ್ದು ಒಳ್ಳೆಯದೇ.

ತಮಾಷೆ ಅಂದ್ರೆ, ಬಿಡಿ ತುಂಡುಗಳನ್ನು ಕ್ರಮವಾಗಿ ಜೋಡಿಸಿ ಒಂದು ವಾದ ಕಟ್ಟೋದು ಕನ್ನಡಕ್ಕೆ ಹೊಸತೇ ಅಲ್ಲ. ವಚನಗಳು 12ನೇ ಶತಮಾನದವು, ಬಿಡಿ ಬಿಡಿಯಾಗಿ ನುಡಿದವು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವುಗಳನ್ನು ಆರಿಸಿ, ಅಲ್ಲಮನನ್ನು ನಡುವೆ ಇಟ್ಟು, ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರವಾಗುವಂತೆ ಜೋಡಿಸಿ ‘ಶೂನ್ಯಸಂಪಾದನೆ’ ಮಾಡಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನೇ ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದ್ರು. ಒಟ್ಟು ನಾಲ್ಕು ಶೂನ್ಯಸಂಪಾದನೆಗಳು. ಮೊದಲನೆಯದರಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಗುವ ಪ್ರಸಂಗ ಇಲ್ಲ, ಮುಂದಿನವರು ಅದನ್ನು ಸೇರಿಸಿದ್ರು. ಅಂದ್ರೆ ಏನನ್ನು ಸೇರಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಅನ್ನೋದು ಆವತ್ತೇ ಜಗಳದ ವಿಷಯವಾಗಿತ್ತು. ಟ್ರ್ಯಾಕ್ ಲಿಸ್ಟ್ ರಾಜಕೀಯ ಅಂತ ನಾನು ಹೇಳಿದ್ರೆ ಗೆಳೆಯರು ನಗ್ತಾರೆ, ಆದ್ರೆ ಈ ಉದಾಹರಣೆ ಕೊಟ್ಟ ಮೇಲೆ ಸುಮ್ಮನಾಗ್ತಾರೆ.

ಈಗ ಅದೇ ವಚನಗಳಿಗೆ ಏನಾಗಿದೆ ನೋಡಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಸ್ವಾಗತಿಸಬೇಕಾದ್ದೇ. ಆದ್ರೆ ದಿನನಿತ್ಯ ನಮ್ಮ ಕಣ್ಣಿಗೆ ಬೀಳೋದು ಕಾಯಕದ ಬಗ್ಗೆ ಎರಡು ಪದ ಆಫೀಸ್ ಗೋಡೆ ಮೇಲೆ, ದಯೆಯ ಬಗ್ಗೆ ಒಂದು ಸಾಲು ವಾಟ್ಸಾಪ್ ಸ್ಟೇಟಸ್‌ನಲ್ಲಿ. ಜಾತಿ ಮೀರಿದ ಮದುವೆಗೆ ಕಲ್ಯಾಣದಲ್ಲಿ ರಕ್ತ ಹರಿದ ಕಥೆ ಆ ಪೋಸ್ಟರಿನಲ್ಲಿ ಇರೋದಿಲ್ಲ. ದಕ್ಷಿಣ ಆಫ್ರಿಕಾದ ಮಕ್ಕಳು ಹಾಡಿನ ತುಂಡನ್ನು ಕಿತ್ತು ಇನ್ನಷ್ಟು ಹರಿತ ಮಾಡಿದ್ರು. ನಾವು ವಚನದ ತುಂಡನ್ನು ಕಿತ್ತು ಮೊಂಡು ಮಾಡಿದ್ದೀವಿ.

ಇದರಲ್ಲಿ ಕೇಳುಗರದ್ದು ಮಾತ್ರ ತಪ್ಪು ಅನ್ನೋದು ಅನ್ಯಾಯ. ಸ್ಪಾಟಿಫೈನಂಥ ವ್ಯವಸ್ಥೆಯಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದ್ರೆ ಒಂದು ಕೇಳ್ವಿ ಅಂತ ಲೆಕ್ಕ. ಆರು ನಿಮಿಷ ನಿಧಾನವಾಗಿ ಏರುವ ಹಾಡಿಗೂ ಅಷ್ಟೇ, ಮೂವತ್ತೊಂದನೇ ಸೆಕೆಂಡಿಗೆ ಬೇಜಾರು ಹುಟ್ಟಿಸುವ ಹಾಡಿಗೂ ಅಷ್ಟೇ. ಹೀಗಿರುವಾಗ ಯಾವ ಬ್ಯಾಂಡ್ ತಾನೇ ಏಳನೇ ಹಾಡಿನಲ್ಲಿ ತಿರುವು ಇಡೋಕೆ ಧೈರ್ಯ ಮಾಡುತ್ತೆ? 2021ರಲ್ಲಿ ಅಡೆಲ್ ತನ್ನ ‘30’ ಆಲ್ಬಂ ಬಂದಾಗ ಹಠ ಮಾಡಿದ ಮೇಲೆ ಸ್ಪಾಟಿಫೈ ಆಲ್ಬಂ ಪುಟದ ಮುಖ್ಯ ಬಟನ್ನಿನಿಂದ ಶಫಲ್ ತೆಗೆದು, ಹಾಡುಗಳು ಕ್ರಮವಾಗಿ ಬರೋ ಹಾಗೆ ಮಾಡಿತು. ಅಷ್ಟು ದೊಡ್ಡ ಗಾಯಕಿ ಕೇಳಿದ್ದಕ್ಕೆ ಆಯ್ತು. ಮೈಸೂರಿನ ಯಾವುದೋ ಹೊಸ ಬ್ಯಾಂಡ್ ಕೇಳಿದ್ರೆ ಯಾರು ಕಿವಿಗೊಡ್ತಾರೆ?

‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ’ ಅನ್ನೋ ವಾದವನ್ನೂ ನಾನು ಒಪ್ಪಲ್ಲ. ನಮ್ಮ ತಾಲೂಕಿನ ಸಾಣೇಹಳ್ಳಿಗೆ ಬನ್ನಿ. ಅಲ್ಲಿನ ಶಿವಸಂಚಾರ ರೆಪರ್ಟರಿ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತೆ. ನವೆಂಬರ್‌ನ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ಬಂದು ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಚಳಿಯಲ್ಲಿ ಕಂಬಳಿ ಹೊದ್ದು ಕೂರ್ತಾರೆ. ಅವರಲ್ಲಿ ರೀಲ್ಸ್ ನೋಡುವ ಹುಡುಗರೂ ಇರ್ತಾರೆ, ನಾನೂ ಇರ್ತೀನಿ. ಮೊದಲ ದೃಶ್ಯ ನೋಡಿ ಎದ್ದು ಹೋಗಿ ಯಾರೂ ತೀರ್ಪು ಕೊಡೋದಿಲ್ಲ. ಪಕ್ಕದಲ್ಲಿ ಇನ್ನೂರು ಜನ ಕೂತಿರುವಾಗ ಕೂರೋದು ಸುಲಭ. ಒಬ್ಬನೇ ಇಯರ್‌ಫೋನ್ ಹಾಕಿಕೊಂಡಾಗ ಬೆರಳು ತಾನಾಗೇ ಮುಂದಿನ ಹಾಡಿಗೆ ಹೋಗುತ್ತೆ. ನಮ್ಮ ಭಾನುವಾರದಲ್ಲೂ ಹಾಗೇ ಆಯ್ತು. ಒಬ್ಬೊಬ್ಬರೇ ಆಗಿದ್ರೆ ಮೂರನೇ ಹಾಡಿಗೇ ನಿಲ್ಲಿಸ್ತಿದ್ವಿ.

ಅದೇ ಉತ್ಸಾಹದಲ್ಲಿ ಮುಂದಿನ ವಾರ ‘ಸ್ವರಾತ್ಮ’ದ ‘ಟೋಪಿವಾಲೆ’ ಹಾಕಿದ್ವಿ. ಇದೂ 2012ರದ್ದೇ. ಕಟ್ಟುನಿಟ್ಟಾಗಿ ನೋಡಿದ್ರೆ ಒಂದೇ ಕಥೆಯ ಆಲ್ಬಂ ಅಲ್ಲ, ಆದ್ರೆ ಶೀರ್ಷಿಕೆ ಹಾಡು ರಾಜಕಾರಣಿಗಳ ಲೇವಡಿ, ಸುದ್ದಿ ಮಾಧ್ಯಮಗಳ ಗದ್ದಲದ ಬಗ್ಗೆ ಒಂದು ಹಾಡು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ‘ಘುಮ್’. ಬಹುಪಾಲು ಹಿಂದಿ. ಆದ್ರೂ ಟೋಪಿ ಅನ್ನೋ ಪದ ಕನ್ನಡ ಕಿವಿಗೆ ಬಿದ್ದಾಗ ಬೇರೆಯೇ ಕೆಲಸ ಮಾಡುತ್ತೆ. ನಮ್ಮಲ್ಲಿ ಟೋಪಿ ಹಾಕಿಕೊಳ್ಳೋರಿಗಿಂತ ಹಾಕೋರು ಜಾಸ್ತಿ.

ಅದು ಬಂದ ಕಾಲ ನೆನಪಿಸಿಕೊಳ್ಳಿ. ಅದರ ಹಿಂದಿನ ವರ್ಷ, 2011ರ ಜುಲೈನಲ್ಲಿ, ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು, ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ರು. ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ತುಮಕೂರು ಮತ್ತು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಟೋ ಓಡಿಸ್ತಿದ್ದ ಗೆಳೆಯ ಅದಕ್ಕೂ ಮುಂಚೆ ಅದಿರಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಲಾರಿ ನಿಂತ ಮೇಲೇ ಅವನು ಬೆಂಗಳೂರಿಗೆ ಹೋಗಿದ್ದು. ಶೀರ್ಷಿಕೆ ಹಾಡಿಗೆ ತಂಗಿ, ಆರ್ಕೆಸ್ಟ್ರಾ ಗೆಳೆಯ ಇಬ್ಬರೂ ಕುಣಿದ್ರು. ಅವನು ಕುಣಿಯಲಿಲ್ಲ. ‘ಟೋಪಿ ಹಾಕಿದೋರು ಆಮೇಲೆ ಮತ್ತೆ ಎಲೆಕ್ಷನ್‌ಗೆ ನಿಂತ್ರು ಕಣಪ್ಪ. ಕೆಲಸ ಹೋಗಿದ್ದು ನಮ್ಮದು. ಆ ಹಾಡು ಈ ಆಲ್ಬಂನಲ್ಲಿ ಇದೆಯಾ ನೋಡು’ ಅಂದ.

ಇನ್ನೂ ನಾಲ್ಕೈದು ಹಾಡು ಬಾಕಿ ಇತ್ತು. ನಾವು ಮುಂದಿನ ಹಾಡು ಹಾಕಿದ್ವಿ.