ಉಡದ ಜಾಡು, ಬೇಟೆಗಾರನ ಕಣ್ಣು

ಮಹಾರಾಷ್ಟ್ರದ ಭೋರ್ ದಾಟಿ ವರಂಧಾ ಘಾಟಿನ ಕಡೆ ಹೊರಟರೆ ನೀರಾ ದೇವಘರ್ ಹಿನ್ನೀರಿನ ಬದಿಯಲ್ಲಿ ಹಲವು ಮಣ್ಣುದಾರಿಗಳು ಸಿಗುತ್ತವೆ. ಅಂಥದೊಂದು ದಾರಿಯ ಧೂಳಿನಲ್ಲಿ ಯಾರೋ ಹಗ್ಗ ಎಳೆದುಕೊಂಡು ಹೋದಂತೆ ಡೊಂಕುಗೆರೆಯೊಂದಿತ್ತು. ನಾವು ಅದನ್ನು ತುಳಿದೇ ಮುಂದೆ ಹೋದೆವು. ಜೊತೆಗಿದ್ದ, ಕಾತ್ಕರಿ ಎಂಬ ಬೇಟೆಗಾರ ಸಮುದಾಯದ ಹಿರಿಯರು ಮಾತ್ರ ನಿಂತು, ಕುಕ್ಕರುಗಾಲಲ್ಲಿ ಕೂತು, ಗೆರೆಯ ಎರಡೂ ಬದಿಗೆ ಬೆರಳು ತೋರಿಸಿದರು. ಐದೈದು ಉಗುರಿನ ಗುರುತು, ನಡುವೆ ಬಾಲ ಎಳೆದ ಗೆರೆ. ಘೋರ್ಪಡ್, ಅಂದರೆ ನಮ್ಮ ಉಡ. ಗೆರೆಯ ಅಂಚು ಇನ್ನೂ ಕುಸಿದಿರಲಿಲ್ಲ; ಹಾಗಾಗಿ ಬೆಳಿಗ್ಗೆ ಹೋದದ್ದು ಎಂದರು. ನಮ್ಮ ಕೈಯಲ್ಲಿ ದುಬಾರಿ ಕ್ಯಾಮೆರಾ ಇತ್ತು. ಕಣ್ಣು ಅವರದಾಗಿತ್ತು.

ಸರೀಸೃಪಗಳ ಚಿತ್ರದಾಖಲೆಯಲ್ಲಿ ಬೇಟೆಗಾರ ಸಮುದಾಯದವರಿಗೆ ಏನು ಕೆಲಸ ಎಂದು ಕೇಳುವವರಲ್ಲಿ ನಾವೂ ಇದ್ದೆವು. ಆಗ ನಂಬಿದ್ದನ್ನು ಒಂದೊಂದಾಗಿ ತಿದ್ದಿಕೊಳ್ಳಬೇಕಾಯಿತು.

ಬೇಟೆಗಾರನಿಗೆ ಕೊಲ್ಲುವುದಷ್ಟೇ ಗೊತ್ತು, ದಾಖಲಿಸುವುದು ಓದಿದವರ ಕೆಲಸ ಎಂಬುದು ಮೊದಲನೆಯದು.

ವಾಸ್ತವ: ತಮಿಳುನಾಡಿನ ಇರುಳರನ್ನು ನೋಡಿ. ಹಾವಿನ ಚರ್ಮದ ವ್ಯಾಪಾರವೇ ಅವರ ಹೊಟ್ಟೆಪಾಡಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು. ಉರಗತಜ್ಞ ರಾಮುಲಸ್ ವಿಟೇಕರ್ ಜೊತೆ ಸೇರಿ 1978ರಲ್ಲಿ ಅವರು ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಆ ವಿಷದಿಂದ ಪ್ರತಿವಿಷ ತಯಾರಾಗುತ್ತದೆ. ಆ ಸಮುದಾಯದ ಮಾಸಿ ಸದೈಯನ್ ಮತ್ತು ವಡಿವೇಲ್ ಗೋಪಾಲ್ 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನವರ ಕಣ್ಣಿಗೆ ಬೀಳದ ಬರ್ಮಾ ಹೆಬ್ಬಾವುಗಳನ್ನು ಹುಡುಕಿ ತೆಗೆದರು. 2023ರಲ್ಲಿ ಪದ್ಮಶ್ರೀ ಪಡೆದರು. ಕ್ಯಾಮೆರಾದ ಗುಂಡಿ ಒತ್ತುವುದನ್ನು ಯಾರಿಗಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಯಾವ ಬಿಲದಲ್ಲಿ ಹಾವಿದೆ, ಯಾವುದು ಖಾಲಿ ಎಂದು ಬಿಲದ ಬಾಯಿ ನೋಡಿಯೇ ಹೇಳುವುದನ್ನು ಕಲಿಸಲಾಗದು. ನಮ್ಮ ಲೇಖಕ ಪೂರ್ಣಚಂದ್ರ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿದವರೇ. ಆಮೇಲೆ ಅದೇ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕೂತರು.

ಚಿತ್ರ ಎಂದರೆ ಹಾವು ಹಿಡಿದು, ಕೆಣಕಿ, ಹೆಡೆ ಬಿಚ್ಚಿಸಿ ತೆಗೆಯುವುದು ಎಂಬುದು ಇನ್ನೊಂದು ನಂಬಿಕೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳ ಕೃಪೆ.

ವಾಸ್ತವ: ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಚಿತ್ರಕ್ಕಾಗಿ ಹಿಡಿದೆವು ಎಂಬುದು ನೆಪವಾಗದು. ಅದಲ್ಲದೆ ಹಾಗೆ ತೆಗೆದ ಚಿತ್ರ ಗುರುತಿಸುವವರಿಗೆ ಹೆಚ್ಚೇನೂ ಹೇಳುವುದಿಲ್ಲ. ಕಟ್ಟುಹಾವನ್ನೂ ವಿಷವಿಲ್ಲದ ತೋಳಹಾವನ್ನೂ ನಾವು ಎಷ್ಟು ಸಲ ಅದಲುಬದಲು ಮಾಡಿಲ್ಲ! ಎರಡಕ್ಕೂ ಕಪ್ಪು ಅಥವಾ ಕಂದು ಮೈ, ಬಿಳಿ ಪಟ್ಟೆ. ಆದರೆ ಕಟ್ಟುಹಾವಿನ ಬೆನ್ನಿನ ನಟ್ಟನಡುವೆ ಒಂದು ಸಾಲು ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಆರು ಮೂಲೆಯವು. ತೋಳಹಾವಿಗೆ ಆ ಸಾಲು ಇಲ್ಲ. ದೂರದಲ್ಲಿ ನಿಂತು ಬೆನ್ನಿನ ಮೇಲೆ ಫೋಕಸ್ ಮಾಡಿ ತೆಗೆದ ಒಂದು ಚಿತ್ರ ಸಾಕು. ಹಾವೇ ಬೇಕೆಂದೂ ಇಲ್ಲ. ಕಲ್ಲುಸಂದಿಯಲ್ಲಿ ಬಿಟ್ಟುಹೋದ ಪೊರೆಯಲ್ಲೂ ಆ ಸಾಲು ಅಚ್ಚುಹೊಯ್ದಂತೆ ಉಳಿದಿರುತ್ತದೆ. ಪಕ್ಕದಲ್ಲೊಂದು ನಾಣ್ಯ ಇಟ್ಟು, ದಿನ, ಹೊತ್ತು ಬರೆದುಕೊಂಡರೆ ಪೊರೆಯೂ ದಾಖಲೆಯೇ.

ಪೊರೆಯ ಮಾತು ಬಂತಲ್ಲ. ಹಾವಿನ ಕಣ್ಣಲ್ಲಿ ತನ್ನನ್ನು ಕೊಂದವನ ಚಿತ್ರ ಅಚ್ಚಾಗುತ್ತದೆ, ಜೋಡಿ ಹಾವು ಅದನ್ನು ನೋಡಿ ಹನ್ನೆರಡು ವರ್ಷ ದ್ವೇಷ ಸಾಧಿಸುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ನಾವು ಬಾಲ್ಯವಿಡೀ ಹೆದರಿದ್ದೆವು. ಎದುರು ನಿಂತು ಫೋಟೊ ತೆಗೆದರೂ ಹಾಗೇ ಆಗುತ್ತದೆ ಎಂದು ಈಗಲೂ ಅಂಜುವವರಿದ್ದಾರೆ.

ವಾಸ್ತವ: ಹಾವಿಗೆ ಕಣ್ಣುರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಪಾರದರ್ಶಕ ಹುರುಪೆಯೊಂದಿದೆ, ಅದೂ ಪೊರೆಯ ಜೊತೆಗೇ ಕಳಚುತ್ತದೆ. ಪೊರೆಯ ತಲೆಭಾಗ ಬೆಳಕಿಗೆ ಹಿಡಿದರೆ ಎರಡು ಪುಟ್ಟ ದುಂಡು ಕಿಟಕಿಗಳು ಕಾಣುತ್ತವೆ. ಅಲ್ಲಿ ಯಾವ ಚಿತ್ರವೂ ಇಲ್ಲ. ಜೋಡಿ ಬಂದು ಹುಡುಕುತ್ತದೆ ಎಂಬುದೂ ಅಷ್ಟೇ. ಹಾವುಗಳು ಸಂಸಾರ ಹೂಡುವುದಿಲ್ಲ. ಕೂಡುವ ಕಾಲದಲ್ಲಿ ಹೆಣ್ಣಿನ ವಾಸನೆ ಹಿಡಿದು ಗಂಡು ಅದೇ ಜಾಗಕ್ಕೆ ಬರಬಹುದು. ಕಥೆ ಹುಟ್ಟಿದ್ದು ಅಲ್ಲಿಂದಿರಬೇಕು.

ಉಡದ ಕೊಬ್ಬಿನಿಂದ ಸೊಂಟನೋವು ಹೋಗುತ್ತದೆ, ಹತ್ತಾ ಜೋಡಿ ಎಂಬ ಬೇರು ಮನೆಯಲ್ಲಿದ್ದರೆ ಹಣ ಬರುತ್ತದೆ, ಎರಡು ತಲೆ ಹಾವು ಕೋಟಿಗೆ ಮಾರಾಟವಾಗುತ್ತದೆ: ಇವು ಮೂರೂ ಒಂದೇ ಸಂತೆಯ ಸರಕು.

ವಾಸ್ತವ: ಹತ್ತಾ ಜೋಡಿ ಬೇರೇ ಅಲ್ಲ. ಅದು ಗಂಡು ಉಡದ ಜನನಾಂಗವನ್ನು ಕತ್ತರಿಸಿ ಒಣಗಿಸಿದ್ದು ಎಂದು 2017ರಲ್ಲಿ ಸಂಶೋಧಕರು ಬಯಲು ಮಾಡಿದರು. ಪೂಜೆಯ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದವರ ಮುಖ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯದು. ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ. ಮೊಂಡು ಬಾಲ ತಲೆಯಂತೆ ಕಾಣುತ್ತದೆ, ಅಷ್ಟೆ. ಉಡ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಮರಾಠಾ ಸೇನಾನಿ ತಾನಾಜಿ 1670ರಲ್ಲಿ ಉಡಕ್ಕೆ ಹಗ್ಗ ಕಟ್ಟಿ ಸಿಂಹಗಡ ಹತ್ತಿದ ಎಂಬುದೂ ಈ ಕಡೆ ಎಲ್ಲರ ಬಾಯಲ್ಲಿದೆ. ಅದು ದಂತಕಥೆ, ಆದರೆ ಯಾರಿಗೂ ಕೆಡುಕು ಮಾಡದ ದಂತಕಥೆ, ಇರಲಿ ಬಿಡಿ. ಘೋರ್ಪಡೆ ಎಂಬ ಮನೆತನದ ಹೆಸರನ್ನೂ ಇಂಥದೇ ಕಥೆಯೊಂದಕ್ಕೆ ಜೋಡಿಸುತ್ತಾರೆ. ಆ ಹೆಸರಿನ ಸಂಡೂರಿನ ಎಂ. ವೈ. ಘೋರ್ಪಡೆ ಕರ್ನಾಟಕದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು.

ಚಿತ್ರ ಹೊರಬಿದ್ದರೆ ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತೆ ಎಂಬ ಆತಂಕವೂ ಉಂಟು.

ವಾಸ್ತವ: ಇದು ಅರ್ಧ ನಿಜ, ನಾವೇ ಕಡೆಗಣಿಸಿದ್ದ ಅರ್ಧ. ಮೊಬೈಲು ಚಿತ್ರದೊಳಗೇ ಜಾಗದ ಅಕ್ಷಾಂಶ, ರೇಖಾಂಶ ಅಡಗಿ ಕೂತಿರುತ್ತದೆ. ಐನ್ಯಾಚುರಲಿಸ್ಟ್‌ನಂಥ ದಾಖಲೆ ಜಾಲತಾಣಗಳು ಅಪಾಯದಲ್ಲಿರುವ ಪ್ರಾಣಿಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ಮಸುಕಾಗಿಸಿ ತೋರಿಸುವುದು ಇದಕ್ಕೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಊರು, ಹಳ್ಳ, ಮರದ ಹೆಸರು ಸಮೇತ ಹಂಚುವವರಿಗೆ ಆ ಎಚ್ಚರ ಇರುವುದಿಲ್ಲ.

ಕೊನೆಯದು: ಜಾಡು ತೋರಿಸಿದವರಿಗೆ ಕೂಲಿ ಕೊಟ್ಟರೆ ಮುಗಿಯಿತು, ದಾಖಲೆಯಲ್ಲಿ ಅವರ ಹೆಸರೇಕೆ ಎಂಬುದು.

ವಾಸ್ತವ: ಹಿಮಾಚಲದ ಚಂಬಾದಲ್ಲಿ 2020ರ ಲಾಕ್‌ಡೌನ್ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬರು ಮನೆಯ ಹಿತ್ತಿಲಲ್ಲಿ ಕಂಡ ಹಾವಿನ ಚಿತ್ರ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದರು. ಅದನ್ನು ಬೆಂಗಳೂರಿನ ಸಂಶೋಧಕರೊಬ್ಬರು ಕಂಡರು. ಚಿತ್ರವೊಂದರಿಂದಲೇ ಹೊಸ ಪ್ರಭೇದ ಸಾಬೀತಾಗದು. ಹುರುಪೆಗಳ ಎಣಿಕೆ, ಡಿಎನ್‌ಎ ಪರೀಕ್ಷೆ ಎಲ್ಲ ಆಯಿತು. 2021ರಲ್ಲಿ ಅದು ಒಲಿಗೊಡಾನ್ ಚುರಾಹೆನ್ಸಿಸ್ ಎಂಬ ಹೆಸರು ಪಡೆಯಿತು. ಆ ಸಂಶೋಧನಾ ಪ್ರಬಂಧದ ಲೇಖಕರ ಸಾಲಿನಲ್ಲಿ ಚಿತ್ರ ತೆಗೆದ ವಿದ್ಯಾರ್ಥಿಯೂ ಇದ್ದಾರೆ. ಮೊದಲು ಕಂಡವರ ಹೆಸರು ಅಲ್ಲಿ ಸಲ್ಲುವುದಾದರೆ ಜಾಡು ತೋರಿಸಿದವರ ಹೆಸರೂ ಸಲ್ಲಬೇಕು.

ನಮ್ಮ ಉಡ ಆ ದಿನ ಕಾಣಲಿಲ್ಲ. ಜಾಡಿನ ಪಕ್ಕ 5 ರೂಪಾಯಿ ನಾಣ್ಯ ಇಟ್ಟು ಚಿತ್ರ ತೆಗೆದೆವು. ಕಂಡವರು ಎಂಬಲ್ಲಿ ನಿಮ್ಮ ಹೆಸರು ಬರೆಯಲೇ ಎಂದು ಹಿರಿಯರನ್ನು ಕೇಳಿದೆವು. ಹೆಸರು ಬರೆದುಕೊಳ್ಳಿ, ನಮ್ಮ ಹಳ್ಳಿಯ ಹೆಸರು ಮಾತ್ರ ಬೇಡ, ಉಡ ಇನ್ನೂ ಇಲ್ಲೇ ಇದೆಯಲ್ಲ ಎಂದು ನಾಣ್ಯ ಹೆಕ್ಕಿ ನಮ್ಮ ಕೈಗೆ ಕೊಟ್ಟರು.