ಹಗ್ಗದ ಚಿತ್ರವೇ ಇಲ್ಲದ ಪುಸ್ತಕ

ಹಳೇ ಪರ್ವತಾರೋಹಣದ ಪುಸ್ತಕ ಆನ್‌ಲೈನ್‌ನಲ್ಲಿ ಹುಡುಕಿದ್ರೆ ಒಂದೇ ಹೆಸರಿನದ್ದು ಏಳೆಂಟು ಥರ ಬರುತ್ತೆ. ಬೆಲೆ ನೋಡಿ ಕಡಿಮೆಯದ್ದನ್ನೇ ಒತ್ತಿಬಿಡ್ತೀವಿ. ನಾನೂ ಹಾಗೇ ಮಾಡಿದೆ. ಎಡ್ವರ್ಡ್ ವಿಂಪರ್ 1871ರಲ್ಲಿ ಪ್ರಕಟಿಸಿದ 'ಸ್ಕ್ರ್ಯಾಂಬಲ್ಸ್ ಅಮಂಗ್ಸ್ಟ್ ದಿ ಆಲ್ಪ್ಸ್' ತರಿಸಿಕೊಂಡೆ. ಒಳಗೆ ಒಂದು ಚಿತ್ರವೂ ಇಲ್ಲ. ಅಡಿಟಿಪ್ಪಣಿಗಳೆಲ್ಲ ವಾಕ್ಯದ ಮಧ್ಯೆ ಬಂದು ಕೂತಿವೆ.

ಚಿತ್ರ ಇಲ್ಲದಿದ್ರೆ ಏನಂತೆ ಅಂತೀರಾ? ಸ್ವಲ್ಪ ಕೇಳಿ.

1865ರ ಜುಲೈ 14. ಸ್ವಿಟ್ಜರ್ಲೆಂಡ್ ಮತ್ತು ಇಟಲಿ ಗಡಿಯ ಮ್ಯಾಟರ್‌ಹಾರ್ನ್, 4,478 ಮೀಟರ್ ಎತ್ತರ. ಅವತ್ತು ಏಳು ಜನ ಮೊದಲ ಸಲ ಅದರ ತುದಿ ಮುಟ್ಟಿದ್ರು, ಅವರಲ್ಲಿ ವಿಂಪರ್‌ಗೆ 25 ವರ್ಷ. ಇಳಿಯುವಾಗ 19ರ ಹುಡುಗ ಹ್ಯಾಡೋ ಜಾರಿ, ಮುಂದಿದ್ದ ಗೈಡ್ ಮಿಶೆಲ್ ಕ್ರೋ ಮೇಲೆ ಬಿದ್ದ. ಆ ಸೆಳೆತಕ್ಕೆ ಹಡ್ಸನ್, ಡಗ್ಲಾಸ್ ಇಬ್ಬರೂ ಹೋದರು. ಡಗ್ಲಾಸ್‌ಗೂ ಅವನ ಮೇಲಿದ್ದ ಗೈಡ್ ಪೀಟರ್ ಟೌಗ್‌ವಾಲ್ಡರ್‌ಗೂ ನಡುವೆ ಹಗ್ಗ ತುಂಡಾಯ್ತು. ನಾಲ್ವರು ಸತ್ತರು. ಉಳಿದಿದ್ದು ವಿಂಪರ್, ಟೌಗ್‌ವಾಲ್ಡರ್ ಮತ್ತು ಅವನ ಮಗ.

ಟೌಗ್‌ವಾಲ್ಡರ್ ಜೀವ ಉಳಿಸಿಕೊಳ್ಳೋಕೆ ಹಗ್ಗ ಕತ್ತರಿಸಿದ ಅನ್ನೋ ಗುಸುಗುಸು ಶುರುವಾಯ್ತು. ವಿಚಾರಣೆಯಲ್ಲಿ ಅವನ ಮೇಲೆ ತಪ್ಪು ಬರಲಿಲ್ಲ, ಆದ್ರೂ ಊರ ಬಾಯಿ ಮುಚ್ಚಲಿಲ್ಲ. ಕತ್ತರಿಸಿಲ್ಲ ಅಂತ ವಿಂಪರ್ ಬರೆದ. ಆದರೆ ಜೊತೆಗಿದ್ದ ಮೂರು ಥರದ ಹಗ್ಗಗಳಲ್ಲಿ ಅತಿ ದುರ್ಬಲವಾದದ್ದನ್ನೇ ಅಲ್ಲಿ ಯಾಕೆ ಕಟ್ಟಿದ್ದು ಅನ್ನೋ ಅನುಮಾನವನ್ನೂ ಸೇರಿಸಿದ. ಆ ಮೂರು ಹಗ್ಗಗಳ ಚಿತ್ರ ಪುಸ್ತಕದಲ್ಲಿದೆ. ಮರದ ಮೇಲೆ ಚಿತ್ರ ಕೆತ್ತಿ ಅಚ್ಚು ಹಾಕೋದೇ ವಿಂಪರ್ ಕಸುಬು. ಅಂದ್ರೆ ನನ್ನ ಪ್ರತಿಯಲ್ಲಿ ಆರೋಪ ಇದೆ, ಸಾಕ್ಷಿ ಇಲ್ಲ! ಒಬ್ಬ ಬಡ ಗೈಡ್‌ನ ಮರ್ಯಾದೆ ಪ್ರಶ್ನೆ ಅದು. ತುಂಡಾದ ಆ ಹಗ್ಗ ಇವತ್ತಿಗೂ ಜರ್ಮಾಟ್ ಮ್ಯೂಸಿಯಂನಲ್ಲಿದೆ.

ಇಷ್ಟೊಂದು ಮರುಮುದ್ರಣ ಯಾಕೆ ಬರುತ್ತೆ? ಬಿ.ಕಾಂ. ಓದಿದವನಿಗೆ ಇದು ಸುಲಭದ ಲೆಕ್ಕ. ನಮ್ಮಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್. ವಿಂಪರ್ ಹೋಗಿದ್ದು 1911ರಲ್ಲಿ. ಈಗ ಯಾರು ಬೇಕಾದ್ರೂ ಅಚ್ಚು ಹಾಕಬಹುದು, ರಾಯಲ್ಟಿ ಸೊನ್ನೆ. ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್‌ನಿಂದ ಅಕ್ಷರ ತೆಗೆಸಿ, ಆರ್ಡರ್ ಬಂದಾಗ ಒಂದೊಂದೇ ಪ್ರತಿ ಪ್ರಿಂಟ್ ಮಾಡಿದ್ರೆ ಗೋಡೌನ್ ಖರ್ಚೂ ಇಲ್ಲ. ಚಿತ್ರ ಶುಚಿ ಮಾಡೋಕೆ, ಪ್ರೂಫ್ ನೋಡೋಕೆ ಮನುಷ್ಯ ಬೇಕು. ಖರ್ಚು ಉಳಿಸೋದು ಅಲ್ಲೇ.

ಇದೇ ಮ್ಯಾಟರ್‌ಹಾರ್ನ್ ಏರಿಕೆಯಿಂದ ಹುಟ್ಟಿದ ಕಾದಂಬರಿ ಜೇಮ್ಸ್ ರ‍್ಯಾಮ್ಸಿ ಅಲ್ಮನ್ ಬರೆದ 'ಬ್ಯಾನರ್ ಇನ್ ದಿ ಸ್ಕೈ' (1954). ಶಿಖರಕ್ಕೆ ಬೇರೆ ಹೆಸರು, ಸಿಟಡೆಲ್. ಅಲ್ಲೇ ಸತ್ತ ಗೈಡ್‌ನ ಮಗ ರೂಡಿ ಅದನ್ನು ಹತ್ತಬೇಕು ಅಂತ ಹಟ ಹಿಡೀತಾನೆ. ವಿಂಪರ್ ಪುಸ್ತಕದಲ್ಲಿ ಗೈಡ್‌ಗಳನ್ನ ಸಾಹೇಬರ ಕಣ್ಣಿಂದ ನೋಡ್ತೀವಿ, ಇಲ್ಲಿ ಗೈಡ್ ಮನೆಯೊಳಗಿಂದ. ನನಗೆ ಇದೇ ಹೆಚ್ಚು ಇಷ್ಟ. ಕ್ಲೈಮ್ಯಾಕ್ಸ್ ಹೇಳಲ್ಲ, ಬೈಬೇಡಿ. ಅಲ್ಮನ್ ತೀರಿಕೊಂಡಿದ್ದು 1971ರಲ್ಲಿ, ಹಾಗಾಗಿ 2031ರ ಕೊನೆವರೆಗೂ ಇಲ್ಲಿ ಕಾಪಿರೈಟ್ ಇರುತ್ತೆ.

ವಿಂಪರ್ ಪುಸ್ತಕ ಕೊಳ್ಳೋ ಮುಂಚೆ ಸ್ಯಾಂಪಲ್ ಪುಟ ತೆಗೆದು ನೋಡಿ: ಚಿತ್ರ ಇದೆಯಾ, ಪ್ರಕಾಶಕರ ಹೆಸರು ಇದೆಯಾ, ಅಡಿಟಿಪ್ಪಣಿ ಅದರ ಜಾಗದಲ್ಲಿದೆಯಾ? ಸ್ಯಾಂಪಲ್ ಇಲ್ಲದಿದ್ರೆ ಬಿಟ್ಟುಬಿಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಮುದ್ರಣದ ಸ್ಕ್ಯಾನ್ ಚಿತ್ರಗಳ ಸಮೇತ ಫ್ರೀ ಸಿಗುತ್ತೆ. ನಾನು ಆ ಹಗ್ಗಗಳನ್ನ ಕೊನೆಗೆ ನೋಡಿದ್ದು ಅಲ್ಲೇ, ಫೋನಲ್ಲಿ ಝೂಮ್ ಮಾಡಿ.