ಉಂಡ ಎಲೆಯ ಗತಿ

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಹೋಗಿ ಬಂದವರು ದೇವಿಯ ಅಲಂಕಾರವನ್ನು ಎಷ್ಟು ಸ್ಮರಿಸುವರೋ ಅಲ್ಲಿಯ ಊಟವನ್ನೂ ಅಷ್ಟೇ ಸ್ಮರಿಸುವರು. ಬಂದವರು ಯಾರೆಂದು ಕೇಳದೆ ಎಲ್ಲರಿಗೂ ಅನ್ನವಿಕ್ಕುವ ಪದ್ಧತಿ ಆ ಕ್ಷೇತ್ರದಲ್ಲಿ ನಡೆದುಬಂದಿರುವುದು. ಅನ್ನದ ಮಹಿಮೆಯನ್ನು ಕುರಿತು ನಮ್ಮವರು ಬರೆದುದಕ್ಕೆ ಲೆಕ್ಕವಿಲ್ಲ. ಆದರೆ ಉಂಡು ಏಳುವಾಗ ಮುಂದೆ ಉಳಿಯುವ ಎಲೆಯ ಗತಿಯೇನಾಯಿತೆಂದು ವಿಚಾರಿಸುವವರು ವಿರಳ. ದೇವಸ್ಥಾನದ ಸಂಗತಿಯನ್ನು ಅದರ ಆಡಳಿತದವರಿಗೆ ಬಿಟ್ಟು, ಸುತ್ತಲಿನ ಕಾಫಿ ಅಡಿಕೆಗಳ ಸೀಮೆಯ ಮನೆಗಳಲ್ಲಿ — ನಮ್ಮ ಮನೆಯೂ ಅವುಗಳಲ್ಲೊಂದು — ಈ ಉಂಡ ಎಲೆಯು ಹಿಂದೆ ಯಾವ ದಾರಿ ಹಿಡಿಯುತ್ತಿದ್ದಿತು, ಈಗ ಯಾವ ದಾರಿ ಹಿಡಿದಿರುವುದು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಹಿಂದಿನ ದಾರಿ ಬಲು ಹ್ರಸ್ವವಾದುದು. ಹಿತ್ತಿಲ ಬಾಳೆಯಿಂದ ಎಲೆ ಕೊಯ್ದು ಬರುವುದು. ಊಟವಾದೊಡನೆ ಅದು ಕೊಟ್ಟಿಗೆಗೆ ಹೋಗುವುದು. ದನ ತಿಂದು ಬಿಟ್ಟ ದಂಟು ಸೊಪ್ಪು ದರಕುಗಳೊಡನೆ ಅದರ ಕಾಲಡಿಯಲ್ಲಿ ತುಳಿದು ಗೊಬ್ಬರವಾಗಿ ಬೇಸಿಗೆಯಲ್ಲಿ ತೋಟಕ್ಕೆ ಇಳಿಯುವುದು. ತೋಟದ ಬಾಳೆ ಮತ್ತೆ ಎಲೆ ಬಿಡುವುದು. ಹೆಚ್ಚು ಜನರ ಊಟವಿದ್ದರೆ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ಆ ಕಡ್ಡಿಯೂ ಮಣ್ಣಿಗೆ ಸೇರತಕ್ಕದ್ದೇ. ಇದಕ್ಕೆ ಪರಿಸರರಕ್ಷಣೆಯೆಂಬ ದೊಡ್ಡ ಹೆಸರನ್ನು ಯಾರೂ ಇಟ್ಟವರಲ್ಲ. ಎಲೆಯನ್ನು ಸುಮ್ಮನೆ ಬೀಸಾಡಿದರೆ ದನಕ್ಕೆ ಮೋಸಮಾಡಿದಂತಾಯಿತೆಂದು ನಮ್ಮ ಅಜ್ಜಿ ಗದರಿಸುತ್ತಿದ್ದರು, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೊಂದು ಉಪನಯನ ನಡೆಯಿತು. ಅಕಾಲದ ಗಾಳಿಮಳೆಗೆ ಬಾಳೆಯೆಲೆಗಳೆಲ್ಲ ಸೀಳುಸೀಳಾಗಿದ್ದುದರಿಂದ, ಬಾಳೆಯೆಲೆಯ ಆಕಾರವುಳ್ಳ, ಹಸುರು ಬಣ್ಣದಲ್ಲಿ ನರನರಗಳನ್ನೂ ಅಚ್ಚುಹಾಕಿದ ಕಾಗದದ ಎಲೆಗಳನ್ನು ಪೇಟೆಯ ಅಂಗಡಿಯೊಂದರಿಂದ ತರಿಸಿದೆವು. “ಕಾಗದ ತಾನೆ, ಮಣ್ಣಿನಲ್ಲಿ ಕರಗಿ ಹೋಗುತ್ತದೆ” ಎಂದು ಅಂಗಡಿಯಾತನು ಹೇಳಿದುದನ್ನು ನಂಬಿ, ಊಟವಾದ ಮೇಲೆ ಅವುಗಳನ್ನು ಹಿತ್ತಿಲಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸಿದೆವು. ಮೂರು ಮಳೆಗಾಲಗಳು ಕಳೆದುವು. ಒಂದು ಸಂಜೆ ನಮ್ಮ ಹಸುವು ಆ ಗುಂಡಿಯ ಅಂಚಿನಲ್ಲಿ ನಿಂತು ಏನನ್ನೋ ಬಿಡದೆ ಅಗಿಯುತ್ತಿದ್ದುದನ್ನು ಕಂಡು, ಬಾಯಿಗೆ ಕೈಹಾಕಿ ಎಳೆದರೆ ಮೊಳದುದ್ದದ ತೆಳ್ಳನೆಯ ಪೊರೆ ಬಂದಿತು. ಮರುದಿನ ಗುಂಡಿಯನ್ನು ಅಗೆಸಿದೆವು. ಕಾಗದವೇನೋ ಮಣ್ಣಾಗಿದ್ದಿತು, ಅದರ ಮೇಲಿದ್ದ ಪೊರೆ ಮಾತ್ರ, ಪಾಯಸ ಬಡಿಸಿದ ದಿನ ಹೇಗಿದ್ದಿತೋ ಹಾಗೆಯೇ ನುಣ್ಣಗೆ, ಪದರ ಪದರವಾಗಿ ಎದ್ದುಬಂದಿತು.

ಕಾಗದವು ಸಾರನ್ನು ತಡೆಯಲಾರದು. ಆದುದರಿಂದ ಅದರ ಒಳಮೈಗೆ ಪಾಲಿಥೀನಿನ ಪೊರೆಯನ್ನು ಅಂಟಿಸುವರು. ಬಸ್ಸಿನ ನಿಲ್ದಾಣದಲ್ಲಿ ಕಾಫಿ ಕೊಡುವ ಕಾಗದದ ಲೋಟದ ಗುಟ್ಟೂ ಬಹುಮಟ್ಟಿಗೆ ಇದೇ. ಇಂತಹ ಪೊರೆಯು ದನದ ಹೊಟ್ಟೆಯಲ್ಲಿ ಅರಗುವುದೂ ಇಲ್ಲ, ಸುಲಭವಾಗಿ ಹೊರಬೀಳುವುದೂ ಇಲ್ಲ. ಕೂಡುತ್ತ ಕೂಡುತ್ತ ಉಂಡೆಗಟ್ಟಿ ಮೇವಿನ ದಾರಿಯನ್ನೇ ಮುಚ್ಚುವುದು. ಕರ್ನಾಟಕ ಸರಕಾರವು 2016ನೆಯ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಲೋಟ, ಚಮಚಗಳನ್ನೂ, ಊಟದ ಮೇಜಿಗೆ ಹಾಸುವ ಹಾಳೆಯನ್ನೂ ನಿಷೇಧಿಸಿತು. ಕೇಂದ್ರ ಸರಕಾರವು 2022ನೆಯ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ತಟ್ಟೆ ಲೋಟಗಳೇ ಮೊದಲಾದುವನ್ನು ದೇಶದಾದ್ಯಂತ ತಡೆಯಿತು. ಬರಿಯ ಪ್ಲಾಸ್ಟಿಕ್ಕನ್ನು ಕಂಡರೆ ಈಗ ಜನರೂ ಗುರುತಿಸುವರು. ಕಾಗದದ ವೇಷ ತೊಟ್ಟು ಬರುವುದನ್ನು ಗುರುತಿಸುವುದು ಕಷ್ಟ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು: ತುಂಡೊಂದನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಬೆರಳಿನಿಂದ ಉಜ್ಜಿದರೆ, ಪೊರೆಯಿದ್ದ ಪಕ್ಷದಲ್ಲಿ ಅದು ಬೇರೆಯಾಗಿ ಕೈಗೆ ಬರುವುದು. ಉಪನಯನಕ್ಕೆ ಮೊದಲು ನಮಗಿದು ಹೊಳೆಯದೆ ಹೋಯಿತು.

ಹಾಗಾದರೆ ಬಾಳೆಯೆಲೆ ಸಾಲದಾದಾಗ ಮಾಡುವುದೇನು? ನಮ್ಮ ಸೀಮೆಯಲ್ಲಿ ಉತ್ತರವು ಕಾಲಬುಡದಲ್ಲಿಯೇ ಬಿದ್ದಿರುವುದು. ಅಡಿಕೆಯ ಮರವು ವರ್ಷಕ್ಕೆ ಆರೇಳು ಸೋಗೆಗಳನ್ನು ಉದುರಿಸುವುದು. ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಅಗಲವಾದ ಭಾಗವೇ ಹಾಳೆ. ಹಾಳೆಗೆ ಬೆಲೆ ಬಂದುದು ಇಂದು ನಿನ್ನೆಯಲ್ಲ. ತೋಟದ ಆಳುಗಳ ಟೊಪ್ಪಿ ಅದರದು. ಮೊಗೆಯುವ ಪಡಿಗೆ ಅದರದು. ಹಸುಗೂಸಿಗೆ ಎಣ್ಣೆ ತಿಕ್ಕಿ ನೀರೆರೆಯಲು ಮಲಗಿಸುತ್ತಿದ್ದುದು ಹಾಳೆಯ ಮೇಲೆಯೇ. ಹುಡುಗರಿಗಂತೂ ಅದು ಅಂಗಳದ ರಥ. ಈಗ ಅದೇ ಹಾಳೆಯನ್ನು ಒಣಗಿಸಿಟ್ಟು, ಬೇಕಾದಾಗ ನೀರಿನಲ್ಲಿ ನೆನೆಸಿ, ಚೆನ್ನಾಗಿ ತಿಕ್ಕಿ ತೊಳೆದು, ನೀರು ಬಸಿದ ಮೇಲೆ ಕಾಯಿಸಿದ ಲೋಹದ ಅಚ್ಚುಗಳ ನಡುವೆ ಒತ್ತಿ ತಟ್ಟೆ ಮಾಡುವರು. ಅಂಟು ಬೇಡ, ಬಣ್ಣ ಬೇಡ. ಕತ್ತರಿಸಿದ ಅಂಚಿನ ಚೂರುಗಳೂ ಗೊಬ್ಬರಗುಂಡಿಗೆ ಒದಗುವುವು. ಉಂಡ ತಟ್ಟೆಯನ್ನು ಮುರಿದು ಸಗಣಿಯ ನೀರು ಚಿಮುಕಿಸಿ ಮಣ್ಣು ಮುಚ್ಚಿದರೆ ಕೆಲವು ತಿಂಗಳುಗಳಲ್ಲಿ ಅದರ ಗುರುತೂ ಸಿಕ್ಕದು.

ಇಷ್ಟಕ್ಕೇ ಕೈಮುಗಿದು ಹೊಗಳಿಬಿಡುವುದು ಸುಲಭ. ಆದರೆ ಕಾಡಿನದೆಂದ ಮಾತ್ರಕ್ಕೆ, ತೋಟದ್ದೆಂದ ಮಾತ್ರಕ್ಕೆ ಯಾವುದೂ ನಿರ್ದೋಷವಾಗಲಾರದು. ಬಟ್ಟೆ ಪಾತ್ರೆಗಳಿಗೆ ಅಷ್ಟು ಸೌಮ್ಯವಾದ ಅಂಟುವಾಳದ ನೊರೆಯೇ ಮೀನಿಗೆ ವಿಷ. ಹಾಳೆಯ ವಿಷಯದಲ್ಲಿಯೂ ತಿಳಿದಿರಬೇಕಾದ ಮಾತುಗಳುಂಟು.

ಕೊಳೆರೋಗವನ್ನು ತಡೆಯಲು ಮಳೆಗಾಲದಲ್ಲಿ ಅಡಿಕೆಯ ಗೊನೆಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಎಲ್ಲರಿಗೂ ತಿಳಿದುದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ ಈ ಉಪಾಯವನ್ನು ರೂಢಿಗೆ ತಂದನು; ತೋಟಗಳು ಉಳಿದುದರಲ್ಲಿ ಆತನ ಪಾಲು ದೊಡ್ಡದು. ಆದರೆ ಗೊನೆಗೆ ಹೊಡೆದ ದ್ರಾವಣವು ಗೊನೆಯಲ್ಲಿಯೇ ನಿಲ್ಲುವುದಿಲ್ಲ, ಹಾಳೆಯ ಮೇಲೂ ಇಳಿಯುವುದು. ಆದುದರಿಂದ ತಟ್ಟೆಗೆಂದು ಆಯುವ ಹಾಳೆಯು ಬೇಸಿಗೆಯಲ್ಲಿ ಬಿದ್ದುದಾಗಿರಬೇಕು, ನೀಲಿಯ ಕಲೆ ಇರಕೂಡದು. ಇನ್ನೊಂದು ಹೊಸ ಪೀಡೆಯೆಂದರೆ, 2022ರ ಸುಮಾರಿಗೆ ಕಳಸ, ಹೊರನಾಡು, ಸಂಸೆಗಳ ತೋಟಗಳಲ್ಲಿ ಹಬ್ಬಿದ ಎಲೆಚುಕ್ಕೆ ರೋಗ. ಇದೂ ಶಿಲೀಂಧ್ರದ ಕೆಲಸವೇ. ರೋಗ ತಗಲಿದ ಸೋಗೆಯನ್ನು ಕತ್ತರಿಸಿ ಸುಡಬೇಕೆಂದು ತಿಳಿದವರು ಹೇಳುತ್ತಾರೆ. ಅದನ್ನು ತಟ್ಟೆಗೂ ಉಪಯೋಗಿಸಬಾರದು, ಬುಡಕ್ಕೂ ಹಾಸಬಾರದು. ಎಲ್ಲವನ್ನೂ ಮಣ್ಣಿಗೆ ಮರಳಿಸುವ ನಮ್ಮ ಹಿರಿಯರ ನಿಯಮಕ್ಕೆ ಈ ರೋಗವು ಒಂದು ಅಪವಾದವನ್ನು ತಂದೊಡ್ಡಿರುವುದು.

ಇವೆರಡಕ್ಕಿಂತ ದೊಡ್ಡ ಸುದ್ದಿ 2025ರಲ್ಲಿ ಅಮೆರಿಕದಿಂದ ಬಂದಿತು. ಅಡಿಕೆಯಲ್ಲಿರುವ ಕ್ಷಾರಸತ್ವಗಳು ಹಾಳೆಯಲ್ಲಿಯೂ ಇರುವುದರಿಂದ ಅವು ತಟ್ಟೆಯ ಮೂಲಕ ಆಹಾರಕ್ಕೆ ಇಳಿಯಬಹುದೆಂದೂ, ಆದಕಾರಣ ಇಂತಹ ತಟ್ಟೆಗಳು ಊಟಕ್ಕೆ ಯೋಗ್ಯವಲ್ಲವೆಂದೂ ಅಲ್ಲಿಯ ಆಹಾರ ಮತ್ತು ಔಷಧಗಳ ಆಡಳಿತವು ಸಾರಿತು. ತಟ್ಟೆಗಳನ್ನು ಹಡಗಿಗೇರಿಸುತ್ತಿದ್ದ ನಮ್ಮ ಕಡೆಯ ಸಣ್ಣ ಕಾರಖಾನೆಗಳವರಿಗೆ ಇದು ಸಿಡಿಲೆರಗಿದಂತೆಯೇ. ಅಡಿಕೆಯನ್ನು ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿಯೇ ನಿರ್ಣಯಿಸಿದ್ದಿತು. ಜಗಿಯುವ ಮಾತು ಬೇರೆ, ಹಾಳೆಯಲ್ಲಿ ಒಂದು ಹೊತ್ತು ಉಣ್ಣುವ ಮಾತು ಬೇರೆ; ಹಾಗೆಂದು ಪರದೇಶದವರ ಕುತಂತ್ರವೆಂದು ತಳ್ಳಿಹಾಕುವುದೂ ವಿವೇಕವಲ್ಲ. ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡನ್ನು ಹೇಳುವೆವು, ಒಪ್ಪಿದವರು ಅನುಸರಿಸಬಹುದು. ಹಾಳೆಯ ತಟ್ಟೆಯಲ್ಲಿ ಉಪ್ಪಿಟ್ಟು, ಅವಲಕ್ಕಿ, ತಿಂಡಿಗಳನ್ನಿಕ್ಕುವೆವು. ಬಿಸಿ ಸಾರು, ಹುಳಿ, ಮಜ್ಜಿಗೆಗಳನ್ನು ಸುರಿಯುವ ಊಟವಾದರೆ ತಟ್ಟೆಯೊಳಗೆ ಬಾಳೆಯೆಲೆಯ ತುಂಡೊಂದನ್ನು ಹಾಸುವೆವು. ಗಾಳಿಗೆ ಸೀಳಿದ ಎಲೆಯೂ ಹೀಗೆ ಕೆಲಸಕ್ಕೆ ಬರುವುದು. ಒಮ್ಮೆ ಉಂಡುದನ್ನು ತೊಳೆದು ಮತ್ತೆ ಇಡುವುದಿಲ್ಲ. ಬೂಷ್ಟು ವಾಸನೆ ಬಂದುದನ್ನು ಮುಟ್ಟುವುದಿಲ್ಲ. ಹತ್ತು ಹದಿನೈದು ಜನರ ಊಟಕ್ಕಾದರೆ ಹಾಳೆಯೂ ಬೇಡ, ಅಟ್ಟದ ಮೇಲಿನ ಸ್ಟೀಲಿನ ತಟ್ಟೆಗಳನ್ನು ಇಳಿಸಿದರಾಯಿತು. ತೊಳೆಯುವ ಶ್ರಮಕ್ಕೆ ಅಂಜಿ ನಾವು ಎಷ್ಟು ಸಾಮಾನನ್ನು ಕೊಂಡು ತರುವೆವೆಂಬುದನ್ನು ನೆನೆದರೆ ನಾಚಿಕೆಯಾಗುವುದು. ಈ ಶ್ರಮವನ್ನು ಹೆಂಗಸರೊಬ್ಬರ ಮೇಲೆಯೇ ಹೊರಿಸದಿದ್ದರೆ ಅಂಜುವ ಪ್ರಸಂಗವೂ ಕಡಿಮೆಯಾಗಬಹುದು.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರಾನದಿಗೆ ಅಡ್ಡಲಾಗಿ ಹೆಬ್ಬಾಳೆಯ ಸೇತುವೆಯುಂಟು. ತಗ್ಗಾದ ಆ ಸೇತುವೆ ಮಳೆಗಾಲದಲ್ಲಿ ಎಷ್ಟೋ ಸಲ ಮುಳುಗಿ, ಊರುಗಳ ಸಂಪರ್ಕ ಕಡಿದುಹೋದುದುಂಟು. ನೀರು ಇಳಿದ ಮೇಲೆ ಅಲ್ಲಿ ಸಿಕ್ಕಿಕೊಂಡಿರುವ ಕಸವನ್ನು ನೋಡಬೇಕು. ಮರದ ಕೊಂಬೆ, ಸೋಗೆ, ಬಿದಿರುಗಳು ಹಿಂದೆಯೂ ಬರುತ್ತಿದ್ದುವು. ಅವುಗಳ ನಡುವೆ ಈಗ ಚೀಲಗಳೂ ಪೊರೆಗಳೂ ಗಾಳಿಗೆ ಪಟಪಟಿಸುವುವು. ಅಲ್ಲಿ ಸಿಕ್ಕದೆ ಉಳಿದುದು ಬಾಳೆಹೊನ್ನೂರನ್ನು ದಾಟಿ ಲಕ್ಕವಳ್ಳಿಯ ಅಣೆಕಟ್ಟಿನತ್ತ ಸಾಗುವುದು. ಆ ನೀರನ್ನು ನಂಬಿ ಬಯಲುಸೀಮೆಯ ಗದ್ದೆಗಳಿವೆ.

ನಮ್ಮ ಗುಂಡಿಯಿಂದ ತೆಗೆದ ಪೊರೆಯನ್ನು ತೊಳೆದು ಒಣಗಿಸಿದಾಗ ಒಂದು ಗೋಣಿಯ ತುಂಬ ಆಯಿತು. ಸುಟ್ಟರೆ ಹೊಗೆಯೇ ವಿಷ, ಹೂತರೆ ಮತ್ತೆ ಹಸುವಿನ ಬಾಯಿಗೆ, ಬಿಸುಟರೆ ಹೊಳೆಗೆ. ಕಸವನ್ನು ಒಯ್ಯುವ ಗಾಡಿ ನಮ್ಮ ತೋಟದ ದಾರಿಗೆ ಬರುವುದಿಲ್ಲ. ಪೇಟೆಯ ಗುಜರಿಯವನು ಗೋಣಿಯ ಬಾಯಿ ಬಿಚ್ಚಿ ನೋಡಿ, ಇದನ್ನು ಕೊಳ್ಳುವವರಿಲ್ಲವೆಂದು ಹಿಂದಕ್ಕೆ ಕೊಟ್ಟನು. ಅದೀಗ ಅಟ್ಟದ ಮೇಲೆ, ಸ್ಟೀಲಿನ ತಟ್ಟೆಗಳ ಪಕ್ಕದಲ್ಲಿಯೇ ಇರುವುದು.